ಪ್ರಿಂಟರಿಗೆ ನಾನೇ ಸಾಹೇಬ

ಮನುಷ್ಯನಾಗಿ ಹುಟ್ಟಿದ ಮೇಲೆ ಒಮ್ಮೆಯಾದರೂ ಯಾರಿಗಾದರೂ "ಈಗ ಆಗುವುದಿಲ್ಲ, ನಾಳೆ ಬನ್ನಿ" ಎಂದು ಹೇಳುವ ಯೋಗ ಇರಬೇಕು. ಆ ಮಾತಿನ ಸುಖ ಹೇಳಿದವರಿಗೇ ಗೊತ್ತು. ಕುಂದಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಸರ್ವೀಸು ಪೂರ್ತಿ ಅದನ್ನು ಹೇಳಿಸಿಕೊಳ್ಳುವ ಬದಿಯಲ್ಲೇ ಕಳೆದವನು. ಗುಮಾಸ್ತರೆಂದರೆ ದೊಡ್ಡ ಅಧಿಕಾರಸ್ಥರೆಂದು ಹೊರಗಿನವರು ತಿಳಿದಿರುತ್ತಾರೆ. ಫೈಲು ಹಿಡಿದು ಸಾಹೇಬರ ಬಾಗಿಲಲ್ಲಿ ನಿಲ್ಲುವುದು, ಅವರು ಫೋನಿನಲ್ಲಿದ್ದರೆ ಗೋಡೆಯ ಕ್ಯಾಲೆಂಡರ್ ಓದುವುದು, ಫೋನು ಇಟ್ಟ ಮೇಲೆ ಅವರು "ಇಟ್ಟು ಹೋಗಿ" ಅನ್ನುವುದು, ನಾನು ಇಟ್ಟು ಬರುವುದು, ಇಷ್ಟೇ ನನ್ನ ಅಧಿಕಾರ. ನಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ ಯಾವ ದಿನ ಎಂದು ಕೇಳಿದರೆ ನಿದ್ದೆಯಲ್ಲಿಯೂ ಹೇಳಿಯೇನು.

ಈ ಆಸೆ ನನ್ನಲ್ಲಿ ಮೊಳೆತದ್ದು ಮಾತ್ರ ಕಚೇರಿಯಲ್ಲಲ್ಲ, ಪಕ್ಕದ ಮನೆಯಲ್ಲಿ. ಆಗ ನಮ್ಮ ಕೋಟೇಶ್ವರದ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಪಕ್ಕದ ಮನೆಯ ಯಜಮಾನರದ್ದು. ಬೊಂಬಾಯಿಯ ಹೋಟೆಲಿನಲ್ಲಿದ್ದ ನನ್ನ ಮಾವ ಫೋನು ಮಾಡಿದರೆ ಅವರು ಬೇಲಿಯ ಹತ್ತಿರ ನಿಂತು "ಹ್ವಾಯ್, ನಿಮ್ಗೆ ಬೊಂಬಾಯಿ!" ಎಂದು ಕೂಗುತ್ತಿದ್ದರು. ನಾವು ಓಡಿಹೋಗಿ ಮಾತಾಡುವಾಗ ಅವರು ಉಯ್ಯಾಲೆಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡು, ಫೋನು ಇಟ್ಟ ಕೂಡಲೇ "ಜ್ವರ ಯಾರಿಗಂಬ್ರ್?" ಎಂದು ವಿಚಾರಿಸುತ್ತಿದ್ದರು. ಸಿಟ್ಟು ಬರುತ್ತಿತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಗುತ್ತಿತ್ತು. ಊರೆಲ್ಲ ನಮ್ಮ ಮನೆಗೆ ಬಂದು ಕಾಯುವಂಥ ಒಂದು ವಸ್ತು ನಮಗೂ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ದೇವರು ತಡವಾಗಿಯಾದರೂ ಕೇಳಿಸಿಕೊಂಡ. ಊರಿನ ಬದಲು ಮನೆಯವರನ್ನು ಮಾತ್ರ ಕಾಯಿಸುವಷ್ಟು ಕೊಟ್ಟ.

ನಮ್ಮ ಮನೆಯಲ್ಲಿರುವುದು ನಾಲ್ಕು ಜನ. ನಾನು, ಮಹಿಳಾ ಮಂಡಳಿಯ ಕಾರ್ಯದರ್ಶಿಯಾದ ಹೆಂಡತಿ ಗಿರಿಜಾ, ಕಾಲೇಜಿಗೆ ಹೋಗುವ ಮಗಳು ರಶ್ಮಿ, ವಿಮೆ ಮಾಡಿಸುವ ತಮ್ಮ ಸುಧಾಕರ. ಸುಧಾಕರ ಊರಿನವರ ಸಾವಿನ ವಿಷಯವನ್ನು ಅವರೆದುರೇ ನಗುನಗುತ್ತ ಮಾತಾಡಬಲ್ಲ. ತನ್ನ ಮದುವೆಯ ವಿಷಯ ತೆಗೆದರೆ ಮಾತ್ರ ಎದ್ದು ಅಂಗಳಕ್ಕೆ ಹೋಗುತ್ತಾನೆ. ಈ ನಾಲ್ವರ ನಡುವೆ ಹೇಗೋ ಮೂರು ಕಂಪ್ಯೂಟರುಗಳು ಸೇರಿಕೊಂಡವು, ನನಗೊಂದು, ಸುಧಾಕರನಿಗೊಂದು, ತಾಯಿ ಮಗಳಿಗೆ ಸೇರಿ ಒಂದು. ಉಳಿದ ಮೂವರೂ ತಮತಮಗೆ ಪ್ರಿಂಟರು ಬೇಕೆಂದಾಗ, ಮನೆಗೊಂದು ತೆಂಗಿನಕಾಯಿ ಹೆರೆಯುವ ಮಣೆ ಸಾಕಾದರೆ ಪ್ರಿಂಟರೂ ಒಂದು ಸಾಕು ಎಂದು ನಾನು ತೀರ್ಪು ಕೊಟ್ಟೆ. ಕುಂದಾಪುರದ ಕಂಪ್ಯೂಟರ್ ಅಂಗಡಿಯವರು ಬಂದು ಹೆಂಚಿನ ಮಾಡಿನ ಪಕಾಸಿನ ಮರಗಳ ಗುಂಟ ನೀಲಿ ವೈರು ಎಳೆದು, ದೀಪ ಮಿಣುಕುವ ಪುಟ್ಟ ಪೆಟ್ಟಿಗೆಯೊಂದನ್ನು ಗೋಡೆಗೆ ಹೊಡೆದು, ಪ್ರಿಂಟರನ್ನು ನನ್ನ ಕೋಣೆಯ ಕಂಪ್ಯೂಟರಿಗೆ ಜೋಡಿಸಿದರು. ಹೋಗುವಾಗ ಹೇಳಿದರು: "ಈ ಕಂಪ್ಯೂಟರ್ ಆನ್ ಇದ್ರೆ ಮಾತ್ರ ಉಳ್ದವ್ರಿಗೆ ಪ್ರಿಂಟ್ ಬಪ್ದ್. ಇದ್ ಯಾವತ್ತೂ ಆನ್ ಇರ್ಕ್, ನೆನ್ಪಿರ್ಲಿ."

ಅವರು ಎಚ್ಚರಿಕೆಯೆಂದು ಹೇಳಿದ್ದು ನನ್ನ ಕಿವಿಗೆ ಬಡ್ತಿಯ ಆದೇಶದಂತೆ ಕೇಳಿಸಿತು. ಮರುದಿನದಿಂದಲೇ ನಾನು ಕಚೇರಿಗೆ ಹೊರಡುವಾಗ ಕಂಪ್ಯೂಟರು ಬಂದ್ ಮಾಡಿ, ಪ್ರಿಂಟರಿನ ಕರೆಂಟಿನ ವೈರು ಬಿಚ್ಚಿ, ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಹೋಗತೊಡಗಿದೆ. ಕಾರಣ ಸಿಡಿಲು. ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಟೀವಿಯಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲದರ ವೈರು ಕಿತ್ತಿಡುವುದು ವಾಡಿಕೆ. ಸಿಡಿಲಿನ ಹೆಸರು ಹೇಳಿದರೆ ಯಾರೂ ಎದುರು ಮಾತಾಡುವಂತಿಲ್ಲ. "ಜನವರಿ ತಿಂಗ್ಳಂಗೆ ಎಂತ ಸಿಡ್ಲ್ ಮಾರಾಯ್ರೆ?" ಎಂದು ಗಿರಿಜಾ ಕೇಳಿದಳು. ಹವಾಮಾನ ಈಗ ಮೊದಲಿನ ಹಾಗಿಲ್ಲವೆಂದು ಹೇಳಿ ಬಸ್ಸು ಹಿಡಿದೆ.

ಸಂಜೆ ನಾನು ಬಂದು, ಕಾಫಿ ಕುಡಿದು, ವೈರು ಸಿಕ್ಕಿಸಿ ಕೂತ ಮೇಲೆ ನಮ್ಮ ಮನೆಯ ಕಚೇರಿ ತೆರೆಯುತ್ತಿತ್ತು. ಕಂಪ್ಯೂಟರಿನ ಪರದೆಯ ಮೂಲೆಯಲ್ಲೊಂದು ಚಿಕ್ಕ ಕಿಟಕಿ ತೆರೆದುಕೊಂಡು ಯಾವ ಕಂಪ್ಯೂಟರಿನಿಂದ ಏನು ಬಂದಿದೆ, ಎಷ್ಟು ಪುಟ ಎಂದು ತೋರಿಸುತ್ತದೆ. ಬಂದದ್ದನ್ನು ಅಲ್ಲಿಯೇ ತಡೆದು ನಿಲ್ಲಿಸುವ ಸೌಕರ್ಯವೂ ಅದರಲ್ಲಿ ಇದೆ. ಅದನ್ನು ಕಂಡ ದಿನ ನನಗೆ ಕಣ್ಣು ತುಂಬಿ ಬಂತು. ಪ್ರತಿಯೊಂದನ್ನೂ ತಡೆಹಿಡಿದು, ಸಂಬಂಧಪಟ್ಟವರನ್ನು ಕೋಣೆಗೆ ಕರೆಸಿ, ಎಂಥದ್ದು, ಯಾಕೆ, ಇಷ್ಟು ಪುಟ ಬೇಕೇ ಎಂದು ವಿಚಾರಿಸಿಯೇ ಬಿಡುಗಡೆ ಮಾಡುತ್ತಿದ್ದೆ. ಅವರು ಬಾಗಿಲಲ್ಲಿ ನಿಂತಿರುವಾಗ ನಾನು ಸುಮ್ಮನೆ ಮೇಜಿನ ಮೇಲಿನ ಬೇರೇನನ್ನೋ ನೋಡುವುದಿತ್ತು. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು.

ಗಿರಿಜೆಯ ಮಂಡಳಿಯ ಕರೆಯೋಲೆಯಲ್ಲಿ ಮುಖ್ಯ ಅತಿಥಿಗಳ ಹೆಸರಿಗಿಂತ "ಲಘು ಉಪಾಹಾರವಿದೆ" ಎಂಬುದು ದೊಡ್ಡ ಅಕ್ಷರದಲ್ಲಿತ್ತು. ಇದು ಅತಿಥಿಗಳಿಗೆ ಅವಮಾನ ಎಂದು ವಾಪಸು ಕಳಿಸಿದೆ. "ಜನ ಅದ್ನ್ ಕಂಡೇ ಬಪ್ದ್. ಅತಿಥಿಗಳ್ನ್ ಕಾಂಬುಕ್ ಯಾರ್ ಬತ್ರ್?" ಎಂದಳು. ಮಾತು ನಿಜ, ಆದರೆ ಸಾಹೇಬರಾದವರು ಒಪ್ಪಿಕೊಳ್ಳುವ ಕ್ರಮವಿಲ್ಲ. ರಶ್ಮಿ ಗಿಡಗಳ ರೋಗದ ಮೇಲೆ ಪ್ರಾಜೆಕ್ಟು ಮಾಡಿದಳು. ಬಣ್ಣದ ಶಾಯಿ ದುಬಾರಿಯೆಂದು ಅದನ್ನು ಕಪ್ಪುಬಿಳುಪಿನಲ್ಲಿ ತೆಗೆಸಿದೆ. "ಅಪ್ಪಯ್ಯ, ಕಾಣಿ, ಈಗ್ಳ್ ರೋಗ ಇಪ್ಪ ಎಲಿಯೂ ಒಂದೇ, ಇಲ್ಲದ್ ಎಲಿಯೂ ಒಂದೇ!" ಎಂದು ಅವಳು ಅಳುಮೋರೆ ಮಾಡಿದಳು. ಕೆಳಗೆ ಹೆಸರು ಬರೆದರೆ ತಿಳಿಯುತ್ತದೆ ಎಂದು ಸಲಹೆ ಕೊಟ್ಟೆ.

ಒಂದು ದಿನ ಕಿಟಕಿಯಲ್ಲಿ ಸುಧಾಕರನ ಕಂಪ್ಯೂಟರಿನಿಂದ ಒಂದೇ ಒಂದು ಪುಟ ಬಂದು ನಿಂತಿತು. ತೆಗೆದು ನೋಡಿದರೆ ಅವನ ಬಯೋಡಾಟಾ! ಮದುವೆಯ ವಿಷಯಕ್ಕೆ ಎದ್ದು ಹೋಗುವವನು ಗುಟ್ಟಾಗಿ ಇಷ್ಟು ಮುಂದೆ ಹೋಗಿದ್ದಾನೆಂದು ನನಗೆ ನಿಜವಾಗಿಯೂ ಸಂತೋಷವಾಯಿತು. ಸಂತೋಷವಾಯಿತೆಂದು ಹೇಳಿ ಕೊಟ್ಟುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎತ್ತರದ ಸಾಲಿನಲ್ಲಿ ಐದು ಅಡಿ ಏಳು ಇಂಚು ಎಂದಿತ್ತು. ನಾನು ಐದು ಅಡಿ ಆರು. ಅವನು ನನ್ನ ಕಿವಿಯವರೆಗೆ ಬರುತ್ತಾನೆ.

"ಇದೆಂತ ಸುಧಾಕರ?" ಎಂದೆ. "ಅಣ್ಣಯ್ಯ, ಬೂಟ್ಸ್ ಹಾಕಿ ಅಳ್ದದ್ದ್" ಎಂದ. "ಬೂಟ್ಸ್ ಅಲ್ಲ, ತರಕಾರಿ ಕೊಯ್ಯು ಮೆಟ್ಟುಕತ್ತಿ ಮಣಿ ಮೇಲೆ ನಿಂತ್ರೂ ಅಷ್ಟ್ ಆತಿಲ್ಲೆ. ತಿದ್ದಿ ತಕಂಡ್ ಬಾ" ಎಂದು ದೊಡ್ಡ ಸ್ವರದಲ್ಲಿ ಹೇಳಿದೆ. ಒಳಗಿಂದ ಗಿರಿಜಾ, ರಶ್ಮಿ ಇಬ್ಬರೂ ಏನು ಎತ್ತರ, ಯಾರ ಎತ್ತರ ಎಂದು ಕೇಳುತ್ತ ಬಂದರು. ಅವನು ಕಿವಿಯೆಲ್ಲ ಕೆಂಪಾಗಿ ಅಂಗಳಕ್ಕೆ ಹೋದ. ತಿದ್ದಿಕೊಂಡು ಬರಲೇ ಇಲ್ಲ.

ಅದಾದ ಮೇಲೆ ನನ್ನ ಬಾಗಿಲಲ್ಲಿ ಜನ ಕಡಿಮೆಯಾದರು. ಮೊದಲು ಸುಧಾಕರ, ಅನಂತರ ರಶ್ಮಿ, ಕೊನೆಗೆ ಗಿರಿಜಾ. ಚಿಕ್ಕ ಕಿಟಕಿ ತಿಂಗಳುಗಟ್ಟಲೆ ಖಾಲಿ. ನಾನು ಇದನ್ನು ಶಿಸ್ತು ಎಂದು ತಿಳಿದೆ. ಬೇಡದ್ದನ್ನೆಲ್ಲ ಪ್ರಿಂಟ್ ಮಾಡುವ ಚಟ ಬಿಟ್ಟುಹೋಯಿತು, ಒಂದು ಬಿಗಿ ಆಡಳಿತ ಏನೆಲ್ಲ ಮಾಡಬಹುದು ನೋಡಿ ಎಂದು ಕಚೇರಿಯಲ್ಲಿ ಸಹೋದ್ಯೋಗಿಗಳಿಗೆ ಹೇಳಿಕೊಂಡೆ. ಮನೆಯಲ್ಲಿ ಶಾಯಿಯ ಖರ್ಚೇ ಇಲ್ಲ ಎಂದದ್ದಕ್ಕೆ ಅವರು ಬೆರಗಾದರು. ನನ್ನ ಡಬ್ಬಿಯ ಚೀಲದಲ್ಲಿ ವೈರು ಮಾತ್ರ ದಿನಾ ಕುಂದಾಪುರಕ್ಕೆ ಹೋಗಿ ಬರುತ್ತಿತ್ತು.

ಅಷ್ಟರಲ್ಲಿ ನಮ್ಮ ಸಾಹೇಬರಿಗೆ ನಿವೃತ್ತಿಯ ದಿನ ಬಂತು. ಬೀಳ್ಕೊಡುಗೆಯ ಭಾಷಣದ ಜವಾಬ್ದಾರಿ ನನ್ನ ಪಾಲಿಗೆ. ಅವರನ್ನು ಕುರಿತು ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಿಟ್ಟು ನಾಲ್ಕು ಪುಟ ಬರೆದೆ. ಶನಿವಾರ ಸಂಜೆ ಪ್ರಿಂಟ್ ಕೊಟ್ಟರೆ ಕಾಗದ ಬೆಳ್ಳಗೆ ಹೊರಬಂತು. ಮತ್ತೊಮ್ಮೆ ಕೊಟ್ಟೆ. ಮಸುಕು ಗೀರುಗಳ ನಡುವೆ "ಸನ್ಮಾನ್ಯ" ಎಂಬುದರ ಅರ್ಧ ಮಾತ್ರ ಕಾಣಿಸಿತು. ಬಳಸದೆ ಬಳಸದೆ ಶಾಯಿ ಒಣಗಿಹೋಗಿತ್ತು.

ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೈವೇ ಬದಿಯ ಸುಮಿತ್ರಕ್ಕನ ಜೆರಾಕ್ಸ್ ಅಂಗಡಿಗೆ ಹೋದೆ. "ಓಹ್, ನೀವ್ ಬಂದ್ರ್ಯಾ! ನಿಮ್ಮನಿಯಂಗೆ ಬಾಕಿ ಇದ್ದದ್ದ್ ನೀವ್ ಒಬ್ರೇ" ಎಂದು ಅವರು ಸ್ವಾಗತಿಸಿದರು. ನನಗೆ ಅರ್ಥವಾಗಲಿಲ್ಲ. ಅವರು ಕಂಪ್ಯೂಟರಿನ ಪರದೆಯಲ್ಲಿ ನಮ್ಮ ಮನೆಯ ಹೆಸರಿದ್ದ ಒಂದು ಫೋಲ್ಡರ್ ತೆರೆದರು. ಒಳಗೆ ಗಿರಿಜಕ್ಕ, ಸುಧಾಕರ, ರಶ್ಮಿ ಎಂದು ಮೂರು ಫೋಲ್ಡರುಗಳು ಒಂದರ ಪಕ್ಕ ಒಂದು ತಣ್ಣಗೆ ಕೂತಿದ್ದವು. "ವಾರಕ್ಕೆರಡ್ ಸಲ ಯಾರಾರೂ ಬತ್ರ್ ಕಾಣಿ. ಹುಡ್ಕುಕೆ ಸುಲಭ ಆಯ್ಲಿ ಅಂದ್ ಎಲ್ಲ ಒಂದೇ ಬದಿಗೆ ಹಾಕಿದೆ" ಎಂದರು. ನೀಲಿ ವೈರು ಎಳೆಸಿ ನಾನು ಒಂದುಗೂಡಿಸಿದ್ದ ಮನೆ ನಿಜಕ್ಕೂ ಒಂದುಗೂಡಿದ್ದು ಈ ಅಂಗಡಿಯಲ್ಲಿ. ನನ್ನ ಹೆಸರಿನ ಫೋಲ್ಡರು ಅಲ್ಲಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. "ನಾಳೆ ಸುಧಾಕರಂಗೆ ಹೆಣ್ ಕಾಂಬುಕ್ ಹೋಪ್ದಂಬ್ರಲೆ? ಸಿದ್ದಾಪುರದ ಹೆಣ್ಣಲ್ದಾ? ಒಳ್ಳೆ ಜನ ಅಂಬ್ರ್" ಎಂದರು ಸುಮಿತ್ರಕ್ಕ. ನಾನು "ಹೌದೌದು, ಒಳ್ಳೆಯ ಜನ" ಎಂದೆ. ಸ್ವಂತ ತಮ್ಮನ ಹೆಣ್ಣು ನೋಡುವ ಶಾಸ್ತ್ರದ ಸುದ್ದಿ ಜೆರಾಕ್ಸ್ ಅಂಗಡಿಯಲ್ಲಿ ನಿಂತು ತಿಳಿಯುವಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ಯಾವ ಕಚೇರಿಯಲ್ಲೂ ಕಲಿಸುವುದಿಲ್ಲ. ಅವರು ನನ್ನ ನಾಲ್ಕು ಪುಟ ತೆಗೆದು, ಒಂದಕ್ಷರವನ್ನೂ ಓದದೆ, ಮಗುಚಿ ಪಿನ್ನು ಹೊಡೆದು ಕೊಟ್ಟರು. ಅಷ್ಟೆಲ್ಲ ನೋವಿನ ನಡುವೆಯೂ, ಒಮ್ಮೆ ಕಣ್ಣಾಡಿಸಿ ಚೆನ್ನಾಗಿದೆ ಅನ್ನಬಾರದಿತ್ತೇ ಎಂದು ನನಗೆ ಬೇಸರವಾದದ್ದು ಸುಳ್ಳಲ್ಲ.

ಮನೆಗೆ ಬಂದು ಗಿರಿಜೆಯನ್ನು ಕೇಳಿದೆ. ಅವಳು ದೋಸೆಗೆ ರುಬ್ಬುತ್ತಿದ್ದವಳು ಗ್ರೈಂಡರ್ ನಿಲ್ಲಿಸಿದಳು. "ಇವತ್ತ್ ರಾತ್ರಿ ಊಟದ್ ಹೊತ್ತಿಗೆ ಹೇಳುವ ಅಂದೇ ಇದ್ದಿತ್. ನಿಮ್ಮನ್ನ್ ಬಿಟ್ಟ್ ಹೋಪುಕಾತ್ತಾ? ಮೊದ್ಲೇ ಹೇಳ್ರೆ ನೀವ್ ಹೆಣ್ಣಿನ ಬಯೋಡಾಟಾವನ್ನೂ ತಕಂಡ್ ಬಾ ಅಂಬ್ರಿ. ಅದ್ರಂಗೂ ಎಂತಾರೂ ತಪ್ಪ್ ಕಂಡ್ರೆ?" ಎಂದಳು. ಇದಕ್ಕೆ ನಾನು ಗಂಭೀರವಾದ ಉತ್ತರ ಕೊಡಬೇಕಿತ್ತು. ನನ್ನ ಬಾಯಿಂದ ಬಂದದ್ದು: "ಸುಧಾಕರ ಎತ್ತರ ಎಷ್ಟ್ ಬರ್ದಿದಾ?" ಅವಳು ಮತ್ತೆ ಗ್ರೈಂಡರ್ ಶುರುಮಾಡಿದಳು.

ಮರುದಿನ ಸಿದ್ದಾಪುರಕ್ಕೆ ಹೋದೆವು. ಅವಲಕ್ಕಿ ಕಾಫಿಯ ನಡುವೆ ಹುಡುಗಿಯ ತಂದೆ ಸುಧಾಕರನ ಬಯೋಡಾಟಾ ತೆಗೆದು, "ನೀವ್ ಅಣ್ಣ ಅಲ್ದಾ, ಒಂದ್ ಸಲ ಕಾಣಿ" ಎಂದು ನನ್ನ ಕೈಗೇ ಕೊಟ್ಟರು. ಒಳ್ಳೆಯ ಕಾಗದ, ಅಚ್ಚುಕಟ್ಟಾದ ಅಕ್ಷರ, ಐದು ಅಡಿ ಏಳು ಇಂಚು. ಎದುರಿಗೆ ಸುಧಾಕರ ಕಿವಿ ಕೆಂಪಾಗಿ ಕೂತಿದ್ದ. ಚಿಕ್ಕವನಿದ್ದಾಗ ನನ್ನ ಅಂಗಿಯ ತುದಿ ಹಿಡಿದು ಶಾಲೆಗೆ ಬರುತ್ತಿದ್ದವನು. "ಎಲ್ಲ ಸಮ ಇತ್ತ್" ಎಂದು ಹೇಳಿ ಮಡಚಿ ವಾಪಸು ಕೊಟ್ಟೆ. ಒಂದು ಕಾಗದವನ್ನು ನಾನು ಆಕ್ಷೇಪಣೆಯಿಲ್ಲದೆ ಮಂಜೂರು ಮಾಡಿದ್ದು ಅದೇ ಮೊದಲು. ಸಂಬಂಧ ಕೂಡಿಬಂತು. ಹುಡುಗಿ ಅವನಿಗಿಂತ ಸ್ವಲ್ಪ ಎತ್ತರ ಎಂಬುದನ್ನು ನಾನು ಈವರೆಗೆ ಬಾಯಿಬಿಟ್ಟು ಹೇಳಿಲ್ಲ.

ಆಮೇಲೆ ನಾನು ಹೊಸ ಶಾಯಿ ತಂದೆ. ವೈರನ್ನು ಪ್ರಿಂಟರಿಗೇ ಬಿಟ್ಟೆ. ಕಂಪ್ಯೂಟರನ್ನು ಹಗಲೆಲ್ಲ ಆನ್ ಇಟ್ಟು, ಕೋಣೆಯ ಬಾಗಿಲು ತೆರೆದಿಟ್ಟು, ಯಾರು ಬೇಕಾದರೂ ಏನು ಬೇಕಾದರೂ ತೆಗೆದುಕೊಳ್ಳಬಹುದು, ನಾನು ಏನೂ ಕೇಳುವುದಿಲ್ಲ ಎಂದು ಘೋಷಿಸಿದೆ. ಯಾರೂ ಬರಲಿಲ್ಲ. "ಎಂತದೂ ಪ್ರಿಂಟ್ ಇಲ್ಯಾ ಮಗಾ?" ಎಂದು ರಶ್ಮಿಯನ್ನು ನಾನಾಗಿಯೇ ಕೇಳಿದೆ. "ಇದ್ದಿತ್ ಅಪ್ಪಯ್ಯ. ಕಾಲೇಜಿಂದ ಬಪ್ಪತಿಗೆ ಸುಮಿತ್ರಕ್ಕನಲ್ಲಿ ತೆಗ್ಸ್ಕಂಡ್ ಬಂದೆ" ಎಂದಳು, ಬಹಳ ಪ್ರೀತಿಯಿಂದ.

ಬಳಸದಿದ್ದರೆ ಶಾಯಿ ಮತ್ತೆ ಒಣಗುತ್ತದಲ್ಲ, ಹಾಗಾಗಿ ಈಗ ಪ್ರತಿ ಆದಿತ್ಯವಾರ ಬೆಳಿಗ್ಗೆ ಕಂಪ್ಯೂಟರಿಗೆ ಹೇಳಿ ಒಂದು ಪರೀಕ್ಷಾ ಪುಟ ತೆಗೆಸುತ್ತೇನೆ. ನಾಲ್ಕು ಬಣ್ಣದ ಪಟ್ಟಿಗಳು, ಕೆಳಗೆ ಪ್ರಿಂಟರ್ ಸರಿಯಾಗಿದೆ ಎಂಬ ಒಂದು ಸಾಲು. ಬಂದದ್ದನ್ನು ಕೂಡಲೇ ತೆಗೆಯುವುದಿಲ್ಲ, ಸ್ವಲ್ಪ ಹೊತ್ತು ಟ್ರೇಯಲ್ಲೇ ಕಾಯಲು ಬಿಡುತ್ತೇನೆ. ಆಮೇಲೆ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದುತ್ತೇನೆ. ಆಕ್ಷೇಪಣೆಗೆ ಏನೂ ಸಿಗುವುದಿಲ್ಲ. ಕೆಳಗಿನ ಮೂಲೆಯಲ್ಲಿ "ನೋಡಿದೆ" ಎಂದು ಬರೆದು, ಸಣ್ಣ ರುಜು ಹಾಕಿ, ಒಳಗಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೆಮ್ಮುತ್ತೇನೆ.