ಒಂಬತ್ತನೇ ಕ್ಲಾಸಿನ ಪಾಪಗಳು

ಗಂಭೀರವಾಗಿರಬೇಕು ಎಂದು ಎಲ್ಲಿ ಕಟ್ಟಪ್ಪಣೆ ಇರುತ್ತದೋ ಅಲ್ಲೇ ಯಾರಿಗಾದರೂ ಸೀನು ಬರುತ್ತದೆ. ದೇವರ ಬಗ್ಗೆ ಪಾಠ ಹೇಳುವ ಕೋಣೆಯಲ್ಲಂತೂ ಇದು ವಾರಕ್ಕೊಮ್ಮೆ ಆಗಲೇಬೇಕು. ಮಸ್ಕತ್ತಿನಲ್ಲಿ ಪಾಠ ಹೇಳಿದ್ದೇನೆ, ನೈರೋಬಿಯಲ್ಲಿ ಹೇಳಿದ್ದೇನೆ, ಪೋರ್ಚುಗಲ್ಲಿನ ಒಂದೂರಲ್ಲಿ ಪಾತ್ರೆ ತೊಳೆದೂ ಬದುಕಿದ್ದೇನೆ. ಎಲ್ಲೂ ವರ್ಷ ತುಂಬುವವರೆಗೆ ನಿಲ್ಲದ ನನ್ನ ಕಾಲು ಕುಷ್ಟಗಿ ಕಡೆಯ ಒಂದು ಕಾನ್ವೆಂಟ್ ಹೈಸ್ಕೂಲಿನಲ್ಲಿ ನಿಂತುಬಿಟ್ಟಿತು. ಕಾರಣ ಸಂಬಳವಲ್ಲ, ಒಂಬತ್ತನೇ ಕ್ಲಾಸು.

ಒಬ್ಬಳೇ ಕಥೋಲಿಕಳು

ಆ ಶಾಲೆಯ ಪದ್ಧತಿ ಹೀಗೆ: ವಾರಕ್ಕೆರಡು ದಿನ ಕೊನೆಯ ಪೀರಿಯಡ್ಡಿನಲ್ಲಿ ಕಥೋಲಿಕ ಮಕ್ಕಳು ಪ್ರಿನ್ಸಿಪಾಲ್ ಸಿಸ್ಟರ್ ಹತ್ತಿರ ಧರ್ಮೋಪದೇಶಕ್ಕೆ ಹೋಗಬೇಕು, ಉಳಿದವರು ನನ್ನ ಹತ್ತಿರ ಮೌಲ್ಯ ಶಿಕ್ಷಣಕ್ಕೆ ಕೂರಬೇಕು. ಉಳಿದವರು ಎಂದರೆ ಕ್ಲಾಸಿಗೆ ಕ್ಲಾಸೇ. ಲಿಂಗಾಯತರು, ಮುಸ್ಲಿಮರು, ಗಂಗಾವತಿ ಕಾಲುವೆ ಕಡೆಯ ಕ್ಯಾಂಪು ಎಂಬ ವಲಸಿಗರ ಹಳ್ಳಿಗಳಿಂದ ಬಂದ ತೆಲುಗಿನವರು, ಎಲ್ಲರೂ ನನ್ನವರು. ಸಿಸ್ಟರ್ ಪಾಲಿಗೆ ಉಳಿದವಳು ಒಬ್ಬಳೇ, ಸರಕಾರಿ ಆಸ್ಪತ್ರೆಯ ನರ್ಸಮ್ಮನ ಮಗಳು.

ಒಬ್ಬರೆದುರು ಒಬ್ಬರು ಕುಳಿತು ಧರ್ಮೋಪದೇಶ ಮಾಡಿದರೆ ಏನಾಗುತ್ತದೆ? ಮೊದಲು ಹುಡುಗಿಗೆ ನಿದ್ದೆ ಬರುತ್ತಿತ್ತು. ಅವಳನ್ನು ನೋಡಿ ನೋಡಿ ಸಿಸ್ಟರಿಗೂ ಬರುತ್ತಿತ್ತು. ಗಂಟೆ ಬಾರಿಸುವ ಪ್ಯೂನ್ ಇಬ್ಬರನ್ನೂ ಎಬ್ಬಿಸಿ ಮನೆಗೆ ಹೋಗುತ್ತಿದ್ದ.

ಹಾಗೇ ನಡೆದುಹೋಗುತ್ತಿತ್ತೇನೋ. ಆದರೆ ಆ ವರ್ಷ ಬಿಷಪ್ಪರು ಬರುವವರಿದ್ದರು. ಹುಡುಗಿಗೆ ದೃಢೀಕರಣ ಆಗಬೇಕಿತ್ತು. ಕೂಸಿದ್ದಾಗ ಕೊಟ್ಟ ದೀಕ್ಷೆಯನ್ನು ಬುದ್ಧಿ ಬಂದ ಮೇಲೆ ಗಟ್ಟಿ ಮಾಡುವ ಸಂಸ್ಕಾರ ಅದು. ಈ ಬಿಷಪ್ಪರು ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ಬಾಯಿಂದ ಕೇಳದೆ ಹಣೆಗೆ ಎಣ್ಣೆ ಹಚ್ಚುವವರಲ್ಲ, ತಪ್ಪಿದರೆ ಮುಂದಿನ ಸಲ ನೋಡೋಣ ಎಂದು ಹೊರಟೇಬಿಡುತ್ತಾರೆ ಎಂಬ ಖ್ಯಾತಿಯಿತ್ತು. ನಮ್ಮ ಕಡೆಗೆ ಮುಂದಿನ ಸಲ ಎಂದರೆ ಯಾವ ಕಾಲಕ್ಕೋ. ನರ್ಸಮ್ಮ ಆಗಲೇ ನೆಂಟರಿಗೆ ಹೇಳಿ ಕಳಿಸಿದ್ದರು, ಬಿಳಿ ಫ್ರಾಕ್ ಹೊಲಿಸಿದ್ದರು. ನನ್ನ ಕೈ ಹಿಡಿದು ಹೇಳಿದರು: "ಹೆಂಗಾರ ಮಾಡಿ ಈ ಸಲ ಪಾಸ್ ಮಾಡಸ್ರಿ ಮಿಸ್. ಹುಡುಗಿ ಬೆಳೀತಾಳ, ಫ್ರಾಕ್ ಬೆಳಿಯಂಗಿಲ್ಲ."

ಸಿಸ್ಟರ್ ಮಂಗಳೂರಿನವರು, ಉಪಾಯಗಾತಿ. "ಎಂತ ಮಾಡುವುದು ಟೀಚರ್, ಇವಳನ್ನೂ ನಿಮ್ಮ ಕ್ಲಾಸಿಗೇ ತರುತ್ತೇನೆ. ಎಲ್ಲರ ಜೊತೆ ಕೂತರೆ ನಿದ್ದೆಯಾದರೂ ಬರಲಿಕ್ಕಿಲ್ಲ" ಎಂದರು.

ಬಂದಳು. ಸಿಸ್ಟರ್ ಹತ್ತು ಕಟ್ಟಳೆ ಹೇಳಿಕೊಟ್ಟರು. ಸ್ವಲ್ಪ ದಿನದಲ್ಲೇ ಇಡೀ ಕ್ಲಾಸಿಗೆ ಬಾಯಿಪಾಠವಾಯಿತು. ಆ ಬಿಳಿ ಫ್ರಾಕ್ ಹೊಲಿದ ಟೇಲರ್ ಸಾಹೇಬರ ಮಗಳಂತೂ ಹಿಂದಿನಿಂದ ಮುಂದಕ್ಕೂ ಹೇಳುತ್ತಿದ್ದಳು. ಬಾರದೆ ಉಳಿದವಳು ನರ್ಸಮ್ಮನ ಮಗಳೊಬ್ಬಳೇ.

ಸಿಸ್ಟರ್ ಸುಸ್ತಾಗಿ ಕುರ್ಚಿಗೆ ಒರಗಿದರು. "ಇವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ದೃಢೀಕರಣ ಕೊಡಿ ಅಂತ ಬಿಷಪ್ಪರಿಗೆ ಬರೆದುಬಿಡಲಾ?"

"ಮೆಲ್ಲಗೆ ಮಾತಾಡ್ರಿ ಸಿಸ್ಟರ್," ಎಂದೆ. "ಕಿಟಕಿ ತೆರೆದಿದೆ. ನಾಳೆ ಪೇಪರಿನಲ್ಲಿ ಬರುತ್ತೆ."

ಪಹಣಿ ಯಾರ ಹೆಸರಿಗೈತಿ?

ಒಂದು ದಿನ ಬೈಬಲ್ಲಿನ ದಾರಿ ತಪ್ಪಿದ ಮಗನ ಕಥೆ ಹೇಳಿದೆ. ಕಿರಿಮಗ ತನ್ನ ಪಾಲು ಇಸಿದುಕೊಂಡು ದೂರದೇಶಕ್ಕೆ ಹೋಗುತ್ತಾನೆ, ಎಲ್ಲ ಹಾಳು ಮಾಡಿ, ಕೊನೆಗೆ ಹಂದಿ ಕಾಯುವ ಕೆಲಸ ಮಾಡಿ ಬರಿಗೈಲಿ ವಾಪಸಾಗುತ್ತಾನೆ. ಅಪ್ಪ ಓಡಿಬಂದು ತಬ್ಬಿಕೊಂಡು ಹಬ್ಬ ಮಾಡುತ್ತಾನೆ. ನನಗೆ ಇಷ್ಟದ ಕಥೆ. ನಾನೂ ಅಲೆದು ಬಂದವಳೇ ಅಲ್ಲವೇ! ನಮ್ಮಪ್ಪ ಮಾತ್ರ ಓಡಿಬರಲಿಲ್ಲ, "ಚಪ್ಪಲಿ ಹೊರಗ ಬಿಡು" ಎಂದಿದ್ದರು.

"ಇದರಿಂದ ನಮಗೆ ಏನು ತಿಳಿಯುತ್ತೆ?" ಎಂದು ಕೇಳಿದೆ.

ಯಲಬುರ್ಗಾದ ವಕೀಲರೊಬ್ಬರ ಮಗ ಎದ್ದು ನಿಂತ. "ಮಿಸ್, ಪಾಲು ಮೊದಲ ಆಗಿತ್ತಲ್ರಿ?"

"ಆಗಿತ್ತು."

"ಹಂಗಾರ ಉಳಿದ ಹೊಲದ ಪಹಣಿ ಯಾರ ಹೆಸರಿಗೈತ್ರಿ?"

"ಅಣ್ಣನ ಪಾಲಿನದೇ ತಾನೇ ಉಳಿದಿದ್ದು..."

"ಮತ್ತ ಈ ಹಬ್ಬ ಯಾರ ರೊಕ್ಕದಾಗ ಆತು? ಅಣ್ಣನ ಸಹಿ ತಗೊಂಡಾರೇನ್ರಿ?"

ಕ್ಲಾಸು ಎರಡು ಪಕ್ಷವಾಯಿತು. ಕ್ಯಾಂಪಿನ ಹುಡುಗನೊಬ್ಬ, "ಊಟ ಅಂತ ಬಂದಾನ, ನಾಳಿ ಮತ್ತ ಪಾಲು ಕೇಳ್ತಾನ ನೋಡ್ರಿ" ಎಂದು ಎಚ್ಚರಿಸಿದ. ಟೇಲರ್ ಮಗಳು, "ಆ ಮನ್ಯಾಗ ಹೆಣ್ಮಕ್ಕಳ ಇರಲಿಲ್ಲೇನ್ರಿ? ಅವರ ಪಾಲು ಎತ್ತಾಗ ಹೋತು?" ಎಂದಳು. ನನ್ನ ಕ್ಷಮೆಯ ಪಾಠ ಎಲ್ಲೋ ಬೆಂಚಿನ ಕೆಳಗೆ ಬಿದ್ದುಹೋಯಿತು.

ನರ್ಸಮ್ಮನ ಮಗಳು ಕೈಯೆತ್ತಿದಳು. ನನಗೆ ಆಸೆ ಚಿಗುರಿತು.

"ಮಿಸ್, ಅಂವ ಹಂದಿ ಕಾಯ್ತಿದ್ದನಲ್ರಿ, ಆ ಮಾಲಕಂಗ ಮಕ್ಕಳೆಷ್ಟು? ಅವರ ಯಾಕ ಕಾಯ್ತಿರಲಿಲ್ಲ?"

ಅವಳ ತಲೆ ಹಾಗೇ. ಮೂರು ಸಾಲು ಬಾಯಿಪಾಠ ನಿಲ್ಲದು. ಆದರೆ ತಾವರಗೇರಾ ಸಂತೆಯಲ್ಲಿ ಯಾರು ಯಾರ ಮೇಲೆ ಯಾತಕ್ಕೆ ಕೂಗಾಡಿದರು, ಹಾಸ್ಟೆಲಿನಲ್ಲಿ ಯಾರ ಡಬ್ಬಿಯಿಂದ ಯಾರು ಶೇಂಗಾ ಚಟ್ನಿ ತೆಗೆದರು, ಎಲ್ಲವೂ ತಾರೀಖಿನ ಸಮೇತ ಗೊತ್ತು. ಅವಳಿಗೆ ಮಂದಿ ಬೇಕು. ಮಂದಿಯಿಲ್ಲದ ಮಾತು ಅವಳ ತಲೆಯಲ್ಲಿ ಕೂರುತ್ತಿರಲಿಲ್ಲ.

ಸಂಜೆ ಸಿಸ್ಟರ್ ಕೇಳಿದರು, "ಇವತ್ತು ಎಂತ ಕಲಿಸಿದಿರಿ?"

"ಕ್ಷಮೆ ಅಂತ ಶುರು ಮಾಡಿದೆ ಸಿಸ್ಟರ್. ತಹಶೀಲ್ದಾರ್ ಕಚೇರಿಯಲ್ಲಿ ಮುಗಿಯಿತು."

ತಾಯಿಯ ಉಡಿ

ನಮ್ಮ ಶಾಲೆಯ ಅಂಗಳದಲ್ಲಿ ಕಲ್ಲಿನ ಗವಿಯಂತೆ ಕಟ್ಟಿ ಅದರೊಳಗೆ ಯೇಸುವಿನ ತಾಯಿ ಮರಿಯಮ್ಮನವರ ಪ್ರತಿಮೆ ಇಟ್ಟಿದ್ದಾರೆ. ಪರೀಕ್ಷೆ ಹತ್ತಿರ ಬಂತೆಂದರೆ ಆ ತಾಯಿಗೆ ಪುರಸೊತ್ತಿಲ್ಲ. ಊರ ಹೆಣ್ಣುಮಕ್ಕಳಿಗೆ ತಾಯಿ ಎಂದರೆ ತಾಯಿ. ಯಾವ ಧರ್ಮದವಳು ಎಂದು ಕೇಳುವ ಪದ್ಧತಿ ಇಲ್ಲ.

ವಕೀಲರ ಮಗನ ಅಜ್ಜಿ ಯಲಬುರ್ಗಾದಿಂದ ಬಸ್ ಹಿಡಿದು ಬಂದರು. ಹಸಿರು ಕುಪ್ಪಸದ ಖಣ, ಕಾಯಿ, ಎಲೆ ಅಡಿಕೆ ಹಿಡಿದು ಉಡಿ ತುಂಬಲು ನಿಂತರು. ಕುಂಕುಮದ ಬಟ್ಟಲು ತೆಗೆದಾಗ ಸಿಸ್ಟರ್ ಓಡಿದರು.

"ಅಜ್ಜಿ, ಕುಂಕುಮ ಹಚ್ಚುವುದು ಬೇಡ."

"ಯಾಕ್ರಿ ಅಕ್ಕಾರ, ಈ ತಾಯಿಗೆ ಗಂಡ ಇಲ್ಲೇನು?"

"ಇದ್ದಾರೆ..."

"ಮಗ?"

"ಇದ್ದಾನೆ."

"ಮತ್ತ ಮುತ್ತೈದಿ ಹಣಿ ಖಾಲಿ ಬಿಟ್ಟು ನಿಲ್ಲಿಸೀರಲ್ರಿ ಯವ್ವಾ, ನಿಮಗಾರ ಬ್ಯಾಸರ ಆಗೂದಿಲ್ಲೇನು?"

ಸಿಸ್ಟರ್ ಬಟ್ಟಲಿಗೆ ಕೈ ಅಡ್ಡ ಹಿಡಿದರು. ಅಜ್ಜಿ ವಿಷಯ ಬದಲಿಸಿದರು. "ಇರಲಿ. ಈ ತಾಯಿಗೆ ನಡಕೊಳ್ಳಾಕ ಯಾವ ವಾರ ಛಲೋ? ಮಂಗಳವಾರೋ ಶುಕ್ರವಾರೋ?"

"ನಮಗೆ ಭಾನುವಾರ."

"ಅವತ್ತ ಸಾಲಿ ಸೂಟಿ ಇರತೈತಿ. ತಾಯಿಗೂ ಒಂದಿನ ಸೂಟಿ ಬ್ಯಾಡೇನ್ರಿ?"

ನಾನು ನಗು ತಡೆಯಲಾರದೆ, ನರ್ಸಮ್ಮನ ಮಗಳ ಪರೀಕ್ಷೆಯ ಸಂಕಟ ಹೇಳಿದೆ. ಅಜ್ಜಿ ಚೀಲದಿಂದ ಇನ್ನೊಂದು ಕಾಯಿ ತೆಗೆದರು. "ಅದೂ ಹೆಣ್ಣು ಕೂಸು. ಅಕಿಂದೂ ಒಂದು ಮಾತು ಹೇಳಿಬಿಡ್ತೀನಿ ತಗೋರಿ."

ಅಂಗಳದಲ್ಲಿ ಕಾಯಿ ಒಡೆಯಬಾರದು ಎಂದು ಬೋರ್ಡು ಬರೆಸಿದವರು ಸಿಸ್ಟರೇ. ಆವತ್ತು ಆಕಾಶ ನೋಡುತ್ತ ಆಫೀಸಿಗೆ ಹೋದರು. ಸಂಜೆ ನಾನು ಮನೆಗೆ ಹೊರಟಾಗ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು: "ಟೀಚರ್, ಆ ಎರಡನೇ ಕಾಯಿ... ಒಳಗೆ ಕೆಟ್ಟಿರಲಿಲ್ಲ ಅಲ್ವಾ?"

ಫಾದರ್ ಬಸ್ಸು ತಪ್ಪಿದ್ದು

ಪ್ರತಿ ತಿಂಗಳ ಮೊದಲ ಶುಕ್ರವಾರ ಗಂಗಾವತಿ ಕಡೆಯಿಂದ ಒಬ್ಬ ಫಾದರ್ ಪಾಪನಿವೇದನೆ ಕೇಳಲು ಬರುತ್ತಿದ್ದರು. ಲ್ಯಾಬಿನ ಪಕ್ಕದ ಕೋಣೆಯಲ್ಲಿ ಒಂದು ಪರದೆ, ಆಚೆ ಫಾದರ್, ಈಚೆ ನರ್ಸಮ್ಮನ ಮಗಳು. ತಾನು ಮಾಡಿದ ತಪ್ಪು ಹೇಳಿಕೊಂಡರೆ ಕ್ಷಮೆಯೂ ಒಂದಿಷ್ಟು ಜಪದ ಶಿಕ್ಷೆಯೂ ಸಿಗುತ್ತದೆ. ಸಾಮಾನ್ಯವಾಗಿ ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

ಆ ಶುಕ್ರವಾರ ಚಹಾ ಆರಿತು. ಇನ್ನೊಂದು ಕಪ್ ಬಂದು ಅದೂ ಆರಿತು. ಹೊರಗೆ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು. ಕೊನೆಗೆ ಫಾದರ್ ಹಣೆ ಒರೆಸಿಕೊಳ್ಳುತ್ತ ಬಂದರು. ಒಳಗೆ ಕೇಳಿದ್ದನ್ನು ಕುತ್ತಿಗೆಗೆ ಬಂದರೂ ಅವರು ಹೊರಗೆ ಹೇಳುವಂತಿಲ್ಲ. ಇಷ್ಟೇ ಅಂದರು: "ಸಿಸ್ಟರ್, ಮುಂದಿನ ತಿಂಗಳಿಂದ ನಾನು ಬೆಳಗಿನ ಬಸ್ಸಿಗೇ ಬರ್ತೇನೆ."

ಮರುದಿನ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ನರ್ಸಮ್ಮನ ಮಗಳು ಮಿರ್ಚಿ ಬಜ್ಜಿ ತಿನ್ನುತ್ತ ಕುಳಿತಿದ್ದಳು. ಸುತ್ತ ಇಡೀ ಕ್ಲಾಸು. ನಾನು ಗೋಡೆಯ ಈಚೆ ನಿಂತೆ.

"ನಂದು ಹೇಳಿದಿ ಹೌದಿಲ್ಲ? ಮನ್ನಾ ಆತಾ?" ಟೇಲರ್ ಮಗಳು ಕೇಳುತ್ತಿದ್ದಳು.

"ಆತು. ನಿಂದು ಸಣ್ಣದು, ಪೇರಲ ಹಣ್ಣು ಕದ್ದಿದ್ದು. ತ್ರಾಸ ಆಗಿದ್ದು ವಕೀಲರ ಮಗಂದು."

"ಯಾಕ, ಅಂವ ಏನ್ ಮಾಡ್ಯಾನ?"

"ಮಾಡಿದ್ದು ಸಣ್ಣದ. ಆದ್ರ ಪಾಪದ ಜೊತಿಗೆ ತನ್ನ ವಾದಾನೂ ಹೇಳಿ ಕಳಿಸಿದ್ದ. ಫಾದರ್ ಅದನ್ನ ಎರಡು ಸಲ ಕೇಳಿದ್ರು."

ಪಾಪಕ್ಕೊಂದು ಮಿರ್ಚಿಯಂತೆ ಕೂಲಿ ಪಡೆದು ಅವಳು ಇಡೀ ಒಂಬತ್ತನೇ ಕ್ಲಾಸಿನ ಪಾಪ ಹೊತ್ತು ಪರದೆಯ ಮುಂದೆ ಇಳಿಸಿ ಬಂದಿದ್ದಳು.

ಸಿಸ್ಟರಿಗೆ ಗೊತ್ತಾಯಿತು. ಕರೆಸಿದರು. "ಮಾರಾಯ್ತಿ, ಪಾಪ ಎಂದರೆ ಪಾರ್ಸಲ್ಲಾ? ಅವರವರದ್ದು ಅವರವರೇ ಹೇಳಬೇಕು!"

"ಅವರಿಗೆ ಆ ಸವಲತ್ತು ಇಲ್ಲಲ್ರಿ ಸಿಸ್ಟರ್. ಇಡೀ ಕ್ಲಾಸಿನ್ಯಾಗ ನನಗೊಬ್ಬಾಕಿಗೆ ಐತಿ. ಒಬ್ಬಾಕೀನ ಇಟ್ಕೊಂಡ್ರ ಛಲೋ ಕಾಣತೈತೇನ್ರಿ?"

ಸಿಸ್ಟರ್ ತಡವರಿಸಿದರು. "ಮತ್ತೆ ನಿನ್ನ ಸ್ವಂತ ಪಾಪ?"

"ನನ್ನವು ಇಲ್ರಿ. ಇವರವು ನೆನಪಿಟ್ಕೊಳ್ಳೋದರಾಗ ಹೊತ್ತು ಹೋಗತೈತಿ. ಮಾಡಾಕ ಪುರಸೊತ್ತೆಲ್ಲಿ ಸಿಗತೈತ್ರಿ?"

ಹತ್ತು ಕಟ್ಟಳೆ

ಬಿಷಪ್ಪರು ಬಂದರು. ಎತ್ತರದ ಆಳು, ದಪ್ಪ ಕನ್ನಡಕ. ಸಭಾಂಗಣದಲ್ಲಿ ಮುಂದಿನ ಸಾಲಿಗೆ ನರ್ಸಮ್ಮ ಮತ್ತು ನೆಂಟರು, ಹಿಂದೆ ಬೆಂಚಿನ ಮೇಲೆ ಒಂಬತ್ತನೇ ಕ್ಲಾಸು, ಬಾಗಿಲ ಹತ್ತಿರ ಟೇಲರ್ ಸಾಹೇಬರು. ಫ್ರಾಕಿನ ಹೊಲಿಗೆಯನ್ನು ಅವರು ಆಗಲೇ ಒಮ್ಮೆ ಬಿಚ್ಚಿ ಸಡಿಲು ಮಾಡಿದ್ದರು. "ಇನ್ನ ಬಿಡಾಕ ಒಳಗ ಬಟ್ಟಿ ಇಲ್ರಿ ಮಿಸ್" ಎಂದು ನನ್ನ ಕಿವಿಯಲ್ಲಿ ಹೇಳಿದರು.

"ಮಗು, ಹತ್ತು ಕಟ್ಟಳೆ ಹೇಳು," ಎಂದರು ಬಿಷಪ್ಪರು.

ಹಿಂದೆ ಬೆಂಚಿನ ಮೇಲೆ ಎಲ್ಲರ ತುಟಿಗಳೂ ಅಲ್ಲಾಡುತ್ತಿದ್ದವು, ಮುಂದೆ ನಿಂತವಳದು ಬಿಟ್ಟು. ನರ್ಸಮ್ಮ ಜಪಸರ ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡರು. ಹುಡುಗಿ ತಿರುಗಿ ಗೆಳೆಯರ ಕಡೆ ನೋಡಿದಳು. ಅತ್ತೇಬಿಡುತ್ತಾಳೆ ಎಂದುಕೊಂಡೆ. ಇಲ್ಲ, ಮುಖ ಓದುತ್ತಿದ್ದಳು. ಮೊದಲ ಬೆಂಚಿನಿಂದ ಶುರು ಮಾಡಿದಳು.

"ಏಳನೇದು, ಕದಿಯಬಾರದು. ಟೇಲರ್ ಸಾಹೇಬರ ಮಗಳು. ಸಿಸ್ಟರ್ ತ್ವಾಟದ ಪೇರಲ ಹಣ್ಣು."

ಬಾಗಿಲ ಹತ್ತಿರ ಟೇಲರ್ ಸಾಹೇಬರು ಕೆಮ್ಮಿದರು.

"ಎಂಟನೇದು, ಸುಳ್ಳು ಸಾಕ್ಷಿ ಹೇಳಬಾರದು. ವಕೀಲರ ಮಗ. ಅಂವ ಒಪ್ಪಂಗಿಲ್ಲ. ಐದನೇದು, ಕೊಲ್ಲಬಾರದು. ಕ್ಯಾಂಪಿನ ಹುಡುಗ, ಹಾಸ್ಟೆಲಿನ ಹಲ್ಲಿ. ನಾಕನೇದು, ತಂದಿ ತಾಯೀನ ಗೌರವಿಸಬೇಕು. ಅದು ಎಲ್ಲಾರ್ದೂ ಐತ್ರಿ, ಹೆಸರು ಹೇಳ್ಕೋತ ಕುಂತ್ರ ನಿಮಗ ಊಟಕ್ಕ ಹೊತ್ತಾಗತೈತಿ."

ಸಿಸ್ಟರ್ ಮುಖ ಮುಚ್ಚಿಕೊಂಡಿದ್ದರು. ಬಿಷಪ್ಪರು ಬೆರಳು ಮಡಚುತ್ತ, "ಮುಂದೆ?" ಎಂದರು.

"ಎರಡನೇದು, ದೇವರ ಹೆಸರು ಸುಮ್ಮಸುಮ್ಮನ ತಗೋಬಾರದು. ಗಣಿತದ ಸರ್, ನಮ್ಮ ಪೇಪರ್ ತಿದ್ದುವಾಗ. ಮೂರನೇದು, ಭಾನುವಾರ ಕೆಲಸ ಬಿಟ್ಟು ಪವಿತ್ರವಾಗಿ ಆಚರಿಸಬೇಕು. ಸಿಸ್ಟರು. ಹ್ವಾದ ಭಾನುವಾರ ನನಗ ಸ್ಪೆಷಲ್ ಕ್ಲಾಸ್ ತಗೊಂಡಾರ. ಹತ್ತನೇದು, ಮತ್ತೊಬ್ಬರದಕ್ಕ ಆಸೆ ಪಡಬಾರದು. ನಮ್ಮ ಮಿಸ್. ಕಿಟಕ್ಯಾಗ ಬಸ್ಸು ಹೋಗೂದು ಕಂಡ್ರ ಸಾಕು, ಅದರಾಗ ಕುಂತವರನ್ನ ನೋಡಿ ಹೊಟ್ಟಿಕಿಚ್ಚು ಪಡ್ತಾರ. ಇದನ್ನ ಅವರು ಕೊಟ್ಟಿಲ್ರಿ, ನಾನ ಎತ್ಕೊಂಡೀನಿ."

"ಆರು? ಒಂಬತ್ತು?"

"ವ್ಯಭಿಚಾರ, ಮತ್ತೊಬ್ಬರ ಹೆಂಡ್ತಿ. ಅವು ದೊಡ್ಡವರವು ಅಂತ ಸಿಸ್ಟರ್ ಹೇಳ್ಯಾರ್ರಿ. ನಮ್ಮ ಕ್ಲಾಸಿಗೆ ಇನ್ನಾ ಬಂದಿಲ್ಲ."

ಒಂದೇ ಬೆರಳು ಉಳಿದಿತ್ತು. "ಮೊದಲನೆಯದು?"

ಅವಳು ಮತ್ತೆ ಬೆಂಚುಗಳ ಕಡೆ ತಿರುಗಿದಳು. ಕೊರಳಲ್ಲಿ ಲಿಂಗದ ದಾರ, ತೋಳಿಗೆ ತಾಯತ, ಮುಂಗೈಗೆ ಕೆಂಪು ದಾರ. ಒಂದೊಂದನ್ನೇ ನೋಡಿದಳು.

"ನನ್ನ ಬಿಟ್ಟು ನಿನಗ ಬ್ಯಾರೆ ದೇವರು ಇರಬಾರದು. ಇದನ್ನ ಕ್ಲಾಸಿಗೆ ಕ್ಲಾಸ ಮುರದೈತ್ರಿ ಸ್ವಾಮಿ. ಆದ್ರ ಪಾಪ ಅಂತ ಒಬ್ಬರೂ ನನ್ನ ಕೈಯಾಗ ಕೊಟ್ಟಿಲ್ಲ."

ಅಷ್ಟರಲ್ಲಿ ಟೇಲರ್ ಮಗಳು ಎದ್ದಳು. "ಸ್ವಾಮ್ಯಾರ, ಅದರಾಗ ನನ್ನ ಹಿಡೀಬ್ಯಾಡ್ರಿ. ನಮ್ಮಲ್ಲೂ ಒಬ್ಬನ ಅದಾನ."

ವಕೀಲರ ಮಗ ಸುಮ್ಮನಿರುವವನಲ್ಲ. "ಇಬ್ಬರೂ ಒಬ್ಬನ ಅಂದ್ರ ಹ್ಯಾಂಗ? ಪಹಣಿ ಯಾರ ಹೆಸರಿಗೈತಿ?"

ಬಿಷಪ್ಪರು ಕನ್ನಡಕ ತೆಗೆದರು. ಹೆಗಲು ಕುಲುಕುತ್ತಿತ್ತು. ಸಿಟ್ಟೋ ಎಂದು ನೋಡಿದರೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. "ಸಿಸ್ಟರ್, ನಾನು ಕಟ್ಟಳೆ ಕೇಳಿದೆ, ಈಕೆ ಉದಾಹರಣೆ ಸಮೇತ ಕೊಟ್ಟಳು," ಎಂದು ಎದ್ದು ನಿಂತರು. ಹಣೆಗೆ ಎಣ್ಣೆ ಬಿತ್ತು. ನರ್ಸಮ್ಮ ಅತ್ತರು. ಫ್ರಾಕ್ ಆ ಕ್ಷಣದವರೆಗೂ ತಡೆದಿತ್ತು. ಹುಡುಗಿ ಉಸಿರು ಬಿಟ್ಟಳು ನೋಡಿ, ಬೆನ್ನ ಹೊಲಿಗೆ ಟರ್ರನೆ ಬಿಚ್ಚಿತು.

ಎಣ್ಣೆ ಹಚ್ಚುವಾಗ ಬಿಷಪ್ಪರು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ್ದನ್ನು ನಾನು ನೋಡಿದ್ದೆ. ಊಟದ ಹೊತ್ತಿಗೆ ಅವಳನ್ನು ಮೂಲೆಗೆ ಕರೆದು, "ಏನಂದರೇ?" ಎಂದು ಕೇಳಿದೆ.

"ಮುಂದಿನ ಸಲ ಫಾದರ್ ಬಂದಾಗ ಅವರ್ದೂ ಒಂದು ಹೇಳ್ಬೇಕಂತ್ರಿ ಮಿಸ್."

"ಅವರದ್ದಾ! ಏನಂತೆ?"

"ಅದನ್ನ ಹೇಳಾಕ ಬರಂಗಿಲ್ರಿ. ದೊಡ್ಡವರದು." ಎಲೆಯ ಮೇಲಿನ ಜಿಲೇಬಿ ಮುರಿದು ಬಾಯಿಗಿಟ್ಟುಕೊಂಡಳು. "ಮಿರ್ಚೀನೂ ಕೊಟ್ಟಿಲ್ಲ. ಬಿಷಪ್ಪರು ಅಂತ ಸುಮ್ಮನ ತಗೊಂಡೀನಿ."