ಸೋದರತ್ತೆಯೂ ಸವೆದ ಬೇರಿಂಗೂ

ದೇವರೇನಾದರೂ ನಮ್ಮ ಸೋದರತ್ತೆಯ ಎದುರು ಪ್ರತ್ಯಕ್ಷನಾಗಿ "ವರ ಕೇಳು" ಎಂದಿದ್ದರೆ ಆಕೆ ಮೊದಲು "ರೇಟ್ ಹೇಳಪಾ" ಎನ್ನುತ್ತಿದ್ದಳು. ಪುಕ್ಕಟೆ ಎಂದು ದೇವರು ಹೇಳಿದರೆ ಮುಗಿಯಿತು. "ಪುಕ್ಕಟ ಕೊಡಾಕತ್ತಾನಂದ್ರ ಮಾಲಿನೊಳಗ ಏನೋ ಐಬ ಐತಿ" ಎಂದು ಅವನನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತಿದ್ದಳು! ನಾನು ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಎಂದುಕೊಂಡಿರಾ? ತಿಕೋಟಾದ ಸಂತೆಯಲ್ಲಿ ಅತ್ತೆ ದೂರದಿಂದ ಕಂಡರೆ ಸಾಕು, ಬಳೆ ಮಾರುವವರು ಸರಕಿನ ಮೇಲೆ ಗೋಣಿತಟ್ಟು ಎಳೆದು ಊಟಕ್ಕೆ ಕೂತುಬಿಡುತ್ತಿದ್ದರು, ಬೆಳಗಿನ ಹೊತ್ತಾದರೂ ಸರಿಯೇ.

ಅತ್ತೆ ನಮ್ಮಪ್ಪನ ಅಕ್ಕ. ನಾವು ಬಬಲೇಶ್ವರದವರು, ಆಕೆಯನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಗಂಡ ರಸ್ತೆ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದವರು. ವರ್ಗವಾಗಿ ಹೋಗುತ್ತಿದ್ದ ಸಾಹೇಬರೊಬ್ಬರಿಂದ ಹಳೆಯ ವಿಲಾಯತಿ ಕಾರೊಂದನ್ನು ಕೊಂಡಿದ್ದರು. ಅವರು ಅಕಾಲದಲ್ಲಿ ತೀರಿಕೊಂಡಾಗ ಅತ್ತೆಗೆ ಉಳಿದದ್ದು ಬಾವಿಯಿದ್ದ ಒಂದು ನಿಂಬೆ ತೋಟ, ಎರಡು ಎಮ್ಮೆ, ಮತ್ತು ಎಮ್ಮೆಗಳ ಪಕ್ಕದಲ್ಲೇ ಕೊಟ್ಟಿಗೆಯಲ್ಲಿ ನಿಂತಿದ್ದ ಆ ಕಾರು. ಮಕ್ಕಳಿರಲಿಲ್ಲ.

ವಿಧವೆ ಹೆಂಗಸಿಗೆ ಕಾರು ಏಕೆ? ಕೊಳ್ಳುವವರು ಸಾಲುಗಟ್ಟಿ ಬಂದರು. ಬಂದವರೆಲ್ಲ ಆಕೆಯ ಮುಂದೆಯೇ ಚೌಕಾಸಿ ಮಾಡಿದರು! ಒಬ್ಬ ಟಾಯರು ಸರಿಯಿಲ್ಲ ಎಂದ, ಇನ್ನೊಬ್ಬ ಬಣ್ಣ ಹೋಗಿದೆ ಎಂದ. ಅತ್ತೆ ಎಲ್ಲರಿಗೂ ಚಹಾ ಕೊಟ್ಟು ಕಳಿಸಿ ಕೊಟ್ಟಿಗೆಗೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿದಳಂತೆ. "ಇಷ್ಟ ಮಂದಿ ಇಷ್ಟ ಕಡಿಮಿಗೆ ಕೇಳಾಕತ್ತಾರಂದ್ರ ಇದು ಭಾಳ ಛಲೋ ಗಾಡಿ ಇರಬೇಕು. ನಾ ಕೊಡಂಗಿಲ್ಲ!" ಎಂದಳಂತೆ. ನಾನು ಓದಿದ ಅರ್ಥಶಾಸ್ತ್ರದ ಯಾವ ಪುಸ್ತಕದಲ್ಲಿಯೂ ಈ ತರ್ಕ ಇಲ್ಲ. ಆದರೆ ನಾನು ಅರ್ಥಶಾಸ್ತ್ರ ಓದಿದ್ದೇ ಈ ತರ್ಕದ ದೆಸೆಯಿಂದ.

ಕಾರು ಇಟ್ಟುಕೊಂಡ ಮೇಲೆ ನಡೆಸಬೇಕಲ್ಲ? ಗಂಡನ ಹಳೆಯ ಡ್ರೈವರನನ್ನು ಕರೆಸಿ, ಜೋಳ ಕೊಯ್ದ ಹೊಲದಲ್ಲಿ ಕಲಿತಳು. ಕಣಿಕೆ ಬಣವೆಯೊಂದನ್ನು ಎರಡು ಸಲ ಕೆಡವಿದಳು. ಮೂರನೆಯ ಸಲ ಹೊಲದವನೇ ಬಣವೆಯನ್ನು ಬೇರೆ ಕಡೆ ಒಟ್ಟಿದ. ಪರವಾನಗಿ ಕೊಡುವ ಸಾಹೇಬರು ಆಕೆಯ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದರು. ಅವರು ಇಳಿದ ಮೇಲೆ ಸಹಿ ಹಾಕಿದರೋ, ಇಳಿದರೆ ಸಾಕೆಂದು ಕೂತಲ್ಲೇ ಸಹಿ ಹಾಕಿದರೋ ನನಗೆ ತಿಳಿಯದು. ಒಂದು ಮಾತ್ರ ಅತ್ತೆ ಕಲಿಯಲೇ ಇಲ್ಲ: ಹಿಂದಕ್ಕೆ ಹೋಗುವುದು. "ರೊಕ್ಕಾ ಕೊಟ್ಟ ತಂದ ಪೆಟ್ರೋಲು. ಹಿಂದಕ ಹೋಗಾಕ ಯಾಕ ಸುಡಬೇಕು?" ಎನ್ನುತ್ತಿದ್ದಳು. ಗಾಡಿ ತಿರುಗಿಸಬೇಕಾದರೆ ಊರನ್ನೇ ಒಂದು ಸುತ್ತು ಹಾಕಿ ಬರುತ್ತಿದ್ದಳು. ಅದಕ್ಕೆ ಎಷ್ಟು ಪೆಟ್ರೋಲು ಸುಡುತ್ತದೆ ಎಂದು ಕೇಳುವ ಧೈರ್ಯ ಯಾರಿಗಿತ್ತು?

ನಾನು ಮ್ಯಾಟ್ರಿಕ್ ಮುಗಿಸಿದ ವರ್ಷ ಆ ಕಾರು ಬಬಲೇಶ್ವರದ ನಮ್ಮ ಮನೆಯ ಮುಂದೆ ಬಂದು ನಿಂತಿತು. ಅಪ್ಪ ನನ್ನ ಓದು ಸಾಕು ಮಾಡಿ ಗಂಡು ನೋಡಲು ಶುರು ಮಾಡಿದ್ದ. ಅತ್ತೆ ಕಟ್ಟೆಯ ಮೇಲೆ ಕೂತು, ಕೊಟ್ಟ ನೀರನ್ನೂ ಕುಡಿಯದೆ, ನೇರ ವ್ಯಾಪಾರಕ್ಕಿಳಿದಳು.

"ಹುಡುಗೀನ ನನ್ನ ಕೂಡ ಕಳಸು. ವಿಜಾಪುರದಾಗ ಓದಸ್ತೀನಿ. ಆರ ವರ್ಷ."

"ಆರ ವರ್ಷ! ಅಕ್ಕಾ, ನಿನಗ ತೆಲಿಗಿಲಿ ಕೆಟ್ಟೈತೇನ? ಒಂದ ವರ್ಷಾನೂ ಆಗಂಗಿಲ್ಲ."

"ಐದು."

"ಎರಡು. ಅದೂ ನೀ ಕೇಳಿದಿ ಅಂತ."

ಮಧ್ಯಾಹ್ನದವರೆಗೆ ನಡೆಯಿತು. ಕೊನೆಗೆ ಅಪ್ಪ ಮೀಸೆ ತೀಡಿ, "ನಾಕ ವರ್ಷ. ಮ್ಯಾಲೆ ಒಂದ ದಿನಾನೂ ಕೊಡಂಗಿಲ್ಲ" ಎಂದು ಎದ್ದ. ತಿಕೋಟಾದ ಅಕ್ಕನನ್ನು ಚೌಕಾಸಿಯಲ್ಲಿ ಸೋಲಿಸಿದೆ ಎಂಬ ಹೆಮ್ಮೆ ಆತನಿಗೆ ಬಹಳ ದಿನ ಇತ್ತು. ಪದವಿಗೆ ಬೇಕಾಗಿದ್ದುದೇ ನಾಲ್ಕು ವರ್ಷ ಎಂದು ಆತನಿಗೆ ನಾವ್ಯಾರೂ ಹೇಳಲಿಲ್ಲ! ಮುಂದೆ ನಾನು ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಉಂಡ ಅನ್ನವೆಲ್ಲ ಆ ಕಟ್ಟೆಯ ಮೇಲಿನ ವ್ಯಾಪಾರದಲ್ಲಿ ಹುಟ್ಟಿದ್ದು.

ಅಪ್ಪ ಒಂದು ಕರಾರು ಹಾಕಿದ್ದ. "ಬಸ್ಸಿನ್ಯಾಗ ಒಬ್ಬಾಕಿ ಅಡ್ಡ್ಯಾಡಬಾರದು. ನಿನ್ನ ಗಾಡ್ಯಾಗ ಹೋಗಬೇಕು, ನಿನ್ನ ಗಾಡ್ಯಾಗ ಬರಬೇಕು. ಗಾಡಿ ನಿಂತ ದಿನ ಸಾಲಿನೂ ನಿಂತಂಗ."

ಹೀಗೆ ನಮ್ಮ ದಿನಚರಿ ಶುರುವಾಯಿತು. ಕಾರಿನ ಮುಂದಿನ ಸೀಟು ನಿಂಬೆಹಣ್ಣಿನ ಚೀಲಕ್ಕೆ ಮೀಸಲು, ನಾನು ಹಿಂದೆ. ಅಥಣಿ ರಸ್ತೆಯಲ್ಲಿ ತಿಕೋಟಾದಿಂದ ವಿಜಾಪುರಕ್ಕೆ ಹೋಗುವಾಗ, ಘೋಣಸಗಿಯಿಂದ ಬದನೆಕಾಯಿ ಬುಟ್ಟಿ ಹೊತ್ತು ಬಂದು ದಾರಿಯಲ್ಲಿ ನಿಂತ ಹೆಂಗಸರನ್ನೆಲ್ಲ ಅತ್ತೆ ಹತ್ತಿಸಿಕೊಳ್ಳುತ್ತಿದ್ದಳು. ಅವರಿಂದ ಒಂದು ಪೈಸೆ ಕೇಳಿದವಳಲ್ಲ. ನನ್ನನ್ನು ಕಾಲೇಜಿನ ಮುಂದೆ ಇಳಿಸಿ, ದಲಾಲಿ ಅಂಗಡಿಗೆ ನಿಂಬೆಹಣ್ಣು ಹಾಕಿ, ಸಂಜೆಯವರೆಗೆ ಬಜಾರಿನಲ್ಲಿ ಏನನ್ನೂ ಕೊಳ್ಳದೆ ಎಲ್ಲದರ ಬೆಲೆಯನ್ನೂ ಇಳಿಸಿ ಬರುತ್ತಿದ್ದಳು.

ಮೊದಲ ವರ್ಷ ಮುಗಿಯುವ ಹೊತ್ತಿಗೆ ಮುಂದಿನ ಎಡಗಾಲಿಯಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆ ಕಾಣಿಸಿಕೊಂಡಿತು. ಅತ್ತೆ ಮೊದಲು ಅದನ್ನು ಗಾಳಿ ಎಂದಳು. ಗಾಳಿ ಇಲ್ಲದ ದಿನವೂ ಅದು ಕೇಳಿಸಿದಾಗ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ಅದಕ್ಕೂ ಬಗ್ಗದಿದ್ದಾಗ, "ಗಾಲಿ ಒಣಗೈತಿ" ಎಂದು ನಡುವಿನ ಮುಚ್ಚಳ ಬಿಚ್ಚಿಸಿ ಒಳಗೆ ಬಟ್ಟಲು ತುಂಬ ಶೇಂಗಾ ಎಣ್ಣೆ ಸುರಿದಳು. ಆ ದಿನ ಏನಾಯಿತು ಕೇಳಿ! ಗಾಲಿ ತಿರುಗಿ ತಿರುಗಿ ಕಾದಿತು, ಎಣ್ಣೆಯೂ ಕಾದಿತು, ದಾರಿಯುದ್ದಕ್ಕೂ ಭಜಿ ಕರಿಯುವ ವಾಸನೆ ಎದ್ದಿತು. ಊರಿನ ನಾಯಿಗಳೆಲ್ಲ ಕಾರಿನ ಹಿಂದೆ ಓಡಿದವು. ಬುಟ್ಟಿಯ ಹೆಂಗಸೊಬ್ಬಳು ಕಾರು ಹತ್ತಿದವಳೇ, "ಬಾಯಾರ, ಭಜಿ ಎಲ್ಲಿಟ್ಟೀರಿ?" ಎಂದು ಸೀಟಿನ ಕೆಳಗೆ ಹುಡುಕಿದಳು.

ಆಗ ವಿಜಾಪುರದ ಮಿಸ್ತ್ರಿಯ ಹತ್ತಿರ ಹೋಗಲೇಬೇಕಾಯಿತು. ಆತ ಜಾಕ್ ಹಾಕಿ ಗಾಲಿಯನ್ನೆತ್ತಿ, ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ, ನಿಟ್ಟುಸಿರು ಬಿಟ್ಟ.

"ಬೇರಿಂಗ್ ಸವದೈತ್ರಿ ಬಾಯಾರ. ಬದಲಿ ಮಾಡಬೇಕು. ಹಳೇ ವಿಲಾಯತಿ ಗಾಡಿ, ಇಲ್ಲಿ ಮಾಲ್ ಸಿಗಂಗಿಲ್ಲ. ಮುಂಬಯಿಂದ ತರಸಬೇಕು. ಕೂಲಿ ಸೇರಿ ಎಪ್ಪತ್ತ ರೂಪಾಯಿ ಬೀಳತೈತಿ."

"ಬೇರಿಂಗ್ ಅಂದ್ರ ಏನು? ಬಿಡಿಸಿ ಹೇಳು."

"ಗಾಲಿ ಹಗೂರ ತಿರಗಾಕ ಒಂದು ಬಳಿ ಇರತೈತ್ರಿ. ಅದರಾಗ ಉಕ್ಕಿನ ಗುಂಡ ಇರತಾವು. ಅವು ಸವದಾವು."

"ಎಲ್ಲಾ ಗುಂಡ ಸವದಾವೇನು? ಎರಡ ಸವದಿದ್ರ ಎರಡ ಬದಲಿ ಮಾಡು. ಒಂದ ಬದನಿಕಾಯಿ ಕೆಟ್ಟರ ಇಡೀ ಬುಟ್ಟಿ ಚೆಲ್ಲತೀ ಏನ?"

"ಹಂಗ ಬರಂಗಿಲ್ರಿ."

"ಹಂಗಾರ ತಿರುವಿ ಹಾಕು. ಆ ಬಾಜು ಹೊಸಾದ ಇರತೈತಲ್ಲ?"

"ಗುಂಡಿಗೆ ಯಾವ ಬಾಜುರಿ ಬಾಯಾರ!"

ಅತ್ತೆ ಹದಿನೈದು ರೂಪಾಯಿ ಎಂದಳು. ಮಿಸ್ತ್ರಿ ಕಿವಿ ಮುಚ್ಚಿಕೊಂಡ. "ಎಪ್ಪತ್ತ ರೂಪಾಯಿಗೆ ಒಂದ ಆಕಳ ಬರತೈತಿ. ಅದು ಹಾಲರ ಕೊಡತೈತಿ. ನಿನ್ನ ಬೇರಿಂಗ್ ಏನ ಕೊಡತೈತಿ?" ಎಂದು ಕೇಳಿದಳು.

"ಜೀವಾ ಉಳಸತೈತ್ರಿ."

"ಜೀವಾ ದೇವರ ಪುಕ್ಕಟ ಕೊಟ್ಟಾನ" ಎಂದು ಅತ್ತೆ ಕಾರು ಹತ್ತಿದಳು. ಹಾಗೆ ಕೊಟ್ಟದ್ದರಲ್ಲಿ ಏನೋ ಐಬು ಇರಬೇಕಲ್ಲವೇ ಎಂದು ಕೇಳಲು ನಾನು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಗಾಡಿ ಹೊರಟಿತು.

ದಿನ ಕಳೆದಂತೆ ಆ ಗುಂಯ್‌ಗುಡುವಿಕೆ ಗರ್ಜನೆಯಾಯಿತು. ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಮಾತು ದಾಟುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಅತ್ತೆಯ ಭುಜ ತಟ್ಟಿ ಕೈಸನ್ನೆ ಮಾಡಬೇಕು. ರಸ್ತೆಯ ಹೆಂಗಸರಿಗೆ ಮಾತ್ರ ಅನುಕೂಲವಾಯಿತು. ಕಾರು ಇನ್ನೂ ಕಾಣುವ ಮುನ್ನವೇ ಸದ್ದು ಕೇಳಿ, ಮನೆಯಲ್ಲಿ ರೊಟ್ಟಿ ಬಡಿದು ಮುಗಿಸಿ, ಬುಟ್ಟಿ ಹೊತ್ತು ಆರಾಮಾಗಿ ಬಂದು ನಿಲ್ಲುತ್ತಿದ್ದರು.

ಎರಡನೆಯ ವರ್ಷದ ಒಂದು ಸಂಜೆ, ಮನೆಗೆ ಮರಳುವಾಗ, ಭೂತನಾಳದ ಹತ್ತಿರ ಆ ಗರ್ಜನೆ ಒಮ್ಮೆಲೇ ಚೀರಾಟವಾಯಿತು. ಕಾರು ಎಡಕ್ಕೆ ಎಳೆಯಿತು. ಗಾಲಿ ಕುಡಿದವರಂತೆ ಓಲಾಡಿ, ಹೊಗೆ ಬಿಟ್ಟು, ಓರೆಯಾಗಿ ನಿಂತುಬಿಟ್ಟಿತು. ಚೀಲದಲ್ಲಿ ಉಳಿದಿದ್ದ ನಿಂಬೆಹಣ್ಣುಗಳೆಲ್ಲ ಮುಂದಕ್ಕೆ ಚೆಲ್ಲಿ ಅತ್ತೆಯ ಕಾಲಡಿ ಉರುಳಿದವು. ಅತ್ತೆ ಹಿಂದೆ ತಿರುಗಿ ನನ್ನ ಕೈ, ಕಾಲು, ತಲೆ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಮತ್ತೊಮ್ಮೆ ಮೊದಲಿನಿಂದ ಮುಟ್ಟಿ ನೋಡಿದಳು.

ಎತ್ತು ಕಟ್ಟಿ ಕಾರನ್ನು ಮಿಸ್ತ್ರಿಯ ಹತ್ತಿರ ಎಳೆಸಿ, ನಾವು ಬಸ್ಸಿನಲ್ಲಿ ಮನೆಗೆ ಬಂದೆವು. ಇಂಥ ಸುದ್ದಿಗೆ ಬೇರಿಂಗು ಬೇಕಿಲ್ಲ. ತಾನಾಗಿಯೇ ಉರುಳಿ ಬಬಲೇಶ್ವರ ಮುಟ್ಟಿತು. ಮರುದಿನವೇ ಅಪ್ಪ ಚಕ್ಕಡಿ ಕಟ್ಟಿಕೊಂಡು ಬಂದು ನಿಂತ.

"ಗಾಡಿ ನಿಂತೈತಿ. ಮಾತಂದ್ರ ಮಾತು. ನಡಿ ಬೇ, ಟ್ರಂಕ್ ತಗೋ."

ನಾನು ಬಾಗಿಲ ಹಿಂದೆ ನಿಂತು ಅತ್ತೆಯ ಬಾಯಿಯನ್ನೇ ನೋಡುತ್ತಿದ್ದೆ. ಈಗ ಶುರು ಮಾಡುತ್ತಾಳೆ, ಒಂದು ತಿಂಗಳು ಎನ್ನುತ್ತಾಳೆ, ಹತ್ತು ದಿನಕ್ಕೆ ಒಪ್ಪಿಸುತ್ತಾಳೆ ಎಂದುಕೊಂಡೆ. ಆದರೆ ಅತ್ತೆ, "ಸೋಮವಾರದ ತನಕ ತಡಿಯೋ ತಮ್ಮಾ" ಎಂದಳು, ಅಷ್ಟೇ. ಆ ದನಿಯಲ್ಲಿ ವ್ಯಾಪಾರ ಇರಲಿಲ್ಲ. ಅಪ್ಪನಿಗೂ ಅದು ಹೊಸದು. ಆತ ತಬ್ಬಿಬ್ಬಾಗಿ, "ಆತು, ಸೋಮವಾರ ಬರತೀನಿ" ಎಂದು ಚಕ್ಕಡಿ ತಿರುಗಿಸಿದ.

ಅಂದೇ ಮಿಸ್ತ್ರಿಯ ಹತ್ತಿರ ಹೋದೆವು. ಆತ ಗಾಲಿ ಬಿಚ್ಚಿಟ್ಟಿದ್ದ. ಸವೆದ ಬೇರಿಂಗು ಒಡೆದು ಚೂರಾಗಿತ್ತು. ಹೋಗುವಾಗ ತನ್ನ ಜೊತೆಗೆ ಗಾಲಿಯ ನಡುವನ್ನೂ ಅಚ್ಚಿನ ತುದಿಯನ್ನೂ ತಿಂದು ಹೋಗಿತ್ತು.

"ಆವಾಗ ಎಪ್ಪತ್ತರಾಗ ಮುಗಿತಿತ್ತು. ಈಗ ಇದೂ ಹೋಗೈತಿ, ಇದೂ ಹೋಗೈತಿ. ಮುಂಬಯಿ ಮಾಲ್ ಬರಾಕ ಭಾಳ ದಿನ ಹಿಡಿತಾವು, ನಾನ ಸ್ವತಃ ಸೋಲಾಪುರಕ್ಕ ಹೋಗಿ ಹುಡುಕಿ ತರಬೇಕು. ಎರಡನೂರಾ ನಲವತ್ತ ರೂಪಾಯಿರಿ" ಎಂದ ಮಿಸ್ತ್ರಿ. ಎಂದವನೇ ತೋಳು ಮಡಚಿ, ಕಾಲು ಅಗಲ ಮಾಡಿ, ಪೈಲ್ವಾನನಂತೆ ನಿಂತ.

ಅತ್ತೆ ಸೊಂಟದ ಸಂಚಿ ಬಿಚ್ಚಿ, ನೋಟುಗಳನ್ನು ತೆಗೆದು ಆತನ ಕೈಯಲ್ಲಿಟ್ಟಳು. "ಸೋಮವಾರ ಮುಂಜಾನೆ ಗಾಡಿ ಬೇಕು" ಎಂದು ತಿರುಗಿ ನಡೆದಳು.

ನಾವು ರಸ್ತೆಯ ತಿರುವು ದಾಟುವ ಮೊದಲೇ ಹಿಂದಿನಿಂದ ಮಿಸ್ತ್ರಿ ಓಡಿ ಬಂದ. ಮುಖ ಬಿಳಚಿಕೊಂಡಿತ್ತು.

"ಬಾಯಾರ, ತಪ್ಪಾತ್ರಿ! ನೀವು ಅರ್ಧಕ್ಕ ಇಳಸತೀರಿ ಅಂತ ನಾ ದುಪ್ಪಟ್ಟು ಹೇಳಿದ್ದೆ. ನೀವು ಹಿಂಗ ಸುಮ್ಮನ ಕೊಟ್ಟರ ಹೆಂಗ್ರಿ? ಏನರ ಒಂದ ಮಾತ ಅನ್ರಿ!"

"ಏನನ್ನೂದೈತೋ? ಹಿಂದಿನ ಸೀಟಿನ್ಯಾಗ ನಮ್ಮ ಹುಡುಗಿ ಕುಂಡ್ರತಾಳ. ಅದರಾಗ ಏನ ಕಡಿಮಿ ಮಾಡಂತ ಕೇಳಲಿ?"

ಮಿಸ್ತ್ರಿ ಅರ್ಧ ದುಡ್ಡನ್ನು ನನ್ನ ಕೈಗೆ ತುರುಕಿ ಓಡಿಹೋದ. ಮಾತಿನಂತೆ ಸೋಲಾಪುರಕ್ಕೆ ಹೋಗಿ, ಬೇಕಾದದ್ದನ್ನೆಲ್ಲ ತಂದು, ಸೋಮವಾರ ಬೆಳಗಿಗೆ ತಾನೇ ಕಾರನ್ನು ತಿಕೋಟಾಕ್ಕೆ ತಂದುಬಿಟ್ಟ. ನಮ್ಮಪ್ಪ ಅದಾಗಲೇ ಬಂದು ಅಂಗಳದಲ್ಲಿ ಬೀಡಿ ಸೇದುತ್ತ ಕೂತಿದ್ದ. ಬೆನ್ನ ಹಿಂದೆ ಕಾರು ಬಂದು ನಿಂತದ್ದು ಆತನಿಗೆ ಗೊತ್ತೇ ಆಗಲಿಲ್ಲ. ಹಾರ್ನ್ ಹೊಡೆದಾಗ ಹಾರಿಬಿದ್ದ. ಕಾರಿನ ಸುತ್ತ ಒಂದು ಸಲ ತಿರುಗಿ, ಗಾಲಿಗೆ ಕಾಲಿನಿಂದ ಒದ್ದು ನೋಡಿ, "ಆತು, ಹೋಗ್ರಿ. ಸಾಲಿಗಿ ಹೊತ್ತಾಗತೈತಿ" ಎಂದ.

ಹೊರಟೆವು. ಕಾರು ಬೆಣ್ಣೆಯಲ್ಲಿ ಜಾರಿದಂತೆ ಹೋಗುತ್ತಿತ್ತು. ಊರು ದಾಟಿ ಬಯಲಿಗೆ ಬಂದಾಗ ಸಣ್ಣಗೆ ಏನೋ ಕೇಳಿಸಿತು. ಎಳೆಎಳೆಯಾದ, ಏರಿಳಿಯುವ ಒಂದು ಸದ್ದು. ಹೊಸ ಬೇರಿಂಗೂ ಕೆಟ್ಟಿತೇ! ಅತ್ತೆಯ ಭುಜ ತಟ್ಟಲು ಮುಂದೆ ಬಾಗಿದೆ.

ಸದ್ದು ಗಾಲಿಯದಲ್ಲ. ಅತ್ತೆ ಹಾಡುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಧಾಟಿಯಲ್ಲಿ, ತಾನೇ ಕಟ್ಟಿದ ಮಾತುಗಳನ್ನು, ಕಣ್ಣು ರಸ್ತೆಯ ಮೇಲಿಟ್ಟು ತನ್ನ ಪಾಡಿಗೆ ತಾನು ಹಾಡುತ್ತಿದ್ದಳು:

ತಮ್ಮನ ಮಗಳು ಓದಾಕ ಹೊಂಟಾಳ
ಸುಮ್ಮನ ಸರಿಯೋ ಎದುರಿನ ಚಕ್ಕಡಿ
ನಮ್ಮ ಕೂಸಿನ ಸಾಲಿಗಿ ತಡವಾದೀತ

ಮಾತುಗಳು ತಡವರಿಸದೆ ಬರುತ್ತಿದ್ದವು, ದಿನಾ ಹಾಡಿ ರೂಢಿಯಾದವರ ಹಾಗೆ. ಹಾಗಾದರೆ ಆ ಗರ್ಜನೆಯ ಒಳಗೆ, ನನ್ನ ಮುಂದಿನ ಸೀಟಿನಲ್ಲೇ, ಇಷ್ಟು ದಿನವೂ ಈ ಹಾಡು ನಡೆದಿತ್ತು! ತನಗೂ ಕೇಳಿಸದ ಹಾಡನ್ನು ಯಾರಾದರೂ ಹೀಗೆ ಹಾಡುತ್ತಾರೆಯೇ?

ನಾನು ಬಾಗಿದ್ದು ಗೊತ್ತಾಗಿ ಅತ್ತೆ ಗಪ್ಪನೆ ನಿಲ್ಲಿಸಿದಳು. "ಏನ ಬೇ?" ಎಂದಳು.

ನಾನು ಕಣ್ಣು ಮುಚ್ಚಿ ತಲೆಯನ್ನು ಸೀಟಿಗೆ ಒರಗಿಸಿದೆ. ನಿದ್ದೆ ಬಂದವಳ ಹಾಗೆ ಉಸಿರಾಡಿದೆ. ಆಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ, ಮೊದಲಿಗಿಂತ ಮೆಲ್ಲಗೆ, ಬಿಟ್ಟಲ್ಲಿಂದ ಮತ್ತೆ ಎತ್ತಿಕೊಂಡಳು.

ವಿಜಾಪುರ ಬರುವವರೆಗೆ ನಾನು ಕಣ್ಣು ತೆರೆಯಲಿಲ್ಲ. ಕಾಲೇಜಿನ ಮುಂದೆ ಕಾರು ನಿಲ್ಲಿಸಿ, "ಏಳ ಬೇ, ಸಾಲಿ ಬಂತು" ಎಂದು ಅತ್ತೆ ಎಬ್ಬಿಸಿದಳು. ನಾನು ಎದ್ದು ಎರಡೂ ಕೈಯಿಂದ ಕಣ್ಣೊರೆಸಿಕೊಂಡು ಇಳಿದೆ. ಆಕೆ ಅದನ್ನು ನಿದ್ದೆಗಣ್ಣೆಂದೇ ತಿಳಿದಳು.