ಎರಡು ಕೊಟ್ಟರೆ ಒಂದನ್ನೇ ಇಟ್ಟುಕೊಳ್ಳುವ ನೋಂದಣಿ ಫಾರಂಗೆ

ಚಿಂತಾಮಣಿಯ, ಹೆಸರು ಹೇಳಲಿಚ್ಛಿಸದ ಆಸ್ಪತ್ರೆಯೊಂದರ ಆನ್‌ಲೈನ್ ನೋಂದಣಿ ಫಾರಂ ಅವರ ಸನ್ನಿಧಿಗೆ,

ಮಾನ್ಯರೇ,

ಹಗಲಿರುಳೆನ್ನದೆ ರೋಗಿಗಳ ವಿವರಗಳನ್ನು ಬರಮಾಡಿಕೊಳ್ಳುವ ತಮಗೆ, ಅಂಬಾಜಿದುರ್ಗದ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ಮೇಧಾ ಮಾಡುವ ನಮಸ್ಕಾರಗಳು. ತಮ್ಮ ಅಮೂಲ್ಯ ಸಮಯದಲ್ಲಿ ಎರಡು ನಿಮಿಷ ಬೇಡುತ್ತೇನೆ. ಒಂದನ್ನು ತಾವು ಕೈಬಿಡುವಿರೆಂದು ಗೊತ್ತಿದ್ದೇ ಬೇಡುತ್ತಿದ್ದೇನೆ.

ಕಳೆದ ಸೋಮವಾರ ನಮ್ಮ ಅತ್ತೆ ಸಾವಿತ್ರಮ್ಮನವರ ಕಾಲಿನ ಗಾಯ ಕೀವಾಗಿ, ಅವರನ್ನು ಸೇರಿಸಲೆಂದು ಮೊಬೈಲಿನಲ್ಲಿ ತಮ್ಮನ್ನು ತುಂಬಿದೆ. 'ಒಗ್ಗದ ಔಷಧಿ' ಎಂಬಲ್ಲಿ ಪೆನ್ಸಿಲಿನ್ ಎಂದು ಬರೆದೆ. 'ಇನ್ನೊಂದು ಸೇರಿಸಿ' ಎಂದು ತಾವೇ ಉದಾರವಾಗಿ ಕೇಳಿದ್ದರಿಂದ, ಎರಡನೆಯ ಖಾನೆಯಲ್ಲಿ ಸಲ್ಫಾ ಎಂದೂ ಬರೆದೆ. ವಾರ್ಡಿಗೆ ಬಂದ ಹಾಳೆಯಲ್ಲಿ ಸಲ್ಫಾ ಮಾತ್ರ ಇತ್ತು. ಅದನ್ನು ನಂಬಿ ಡಾಕ್ಟರು ಪೆನ್ಸಿಲಿನ್ ಇಂಜೆಕ್ಷನ್ ಬರೆದರು.

ನರ್ಸ್ ಶೈಸ್ತಾ ಅವರು ಸಿರಿಂಜ್ ಹಿಡಿದು ಬಂದು, ತಮ್ಮಷ್ಟು ತಾಂತ್ರಿಕ ಜ್ಞಾನವಿಲ್ಲದ ಕಾರಣ, ಬಾಯಿಬಿಟ್ಟು ಕೇಳಿದರು: "ಸಲ್ಫಾ ಬಿಟ್ರೆ ಬೇರೆ ಏನಾದ್ರೂ ಒಗ್ಗಲ್ವಾ ಅಮ್ಮಾ?"

"ಪೆನ್ಸಿಲಿನ್ ಆಗಲ್ಲ ಕಣಮ್ಮ. ಹೋದ ಸಲ ಮುಖ ಎಲ್ಲ ಊದ್ಕೊಂಡು ಉಸಿರೇ ಆಡ್ಲಿಲ್ಲ," ಎಂದರು ಅತ್ತೆ.

ಶೈಸ್ತಾ ಸಿರಿಂಜನ್ನು ಟ್ರೇಯಲ್ಲಿಟ್ಟು, ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದರು. ನಾನು ಮಂಚದ ಕಂಬಿ ಹಿಡಿದುಕೊಂಡೆ. ಡಾಕ್ಟರು ಬೇರೆ ಔಷಧಿ ಕೊಟ್ಟರು. ಗುರುವಾರ ಅತ್ತೆ ಮನೆಗೆ ಬಂದು ಬಸ್ಸಾರು ಕೇಳಿದರು.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ತಮ್ಮ ಆರೈಕೆ ನೋಡುವ ನರೇಂದ್ರ ಅವರನ್ನು ವಿಚಾರಿಸಿದೆ. "ನೀವು ಬರೆದಿದ್ದು ಎರಡೂ ಬಂದಿದೆ ಮೇಡಂ. ಎರಡು ಖಾನೆಗೂ ಒಳಗೆ ಒಂದೇ ಹೆಸರು. ಪ್ರೋಗ್ರಾಂ ಆ ಹೆಸರಲ್ಲಿ ಒಂದನ್ನೇ ಕೇಳುತ್ತೆ, ಕೊನೇದು ಉಳ್ಕೊಳ್ಳುತ್ತೆ. ಅದೇ ಪ್ರೋಗ್ರಾಂ ಇಡೀ ಪಟ್ಟಿ ಕೊಡು ಅಂತ ಕೇಳಿದ್ರೆ ಎರಡೂ ಸಿಗುತ್ತೆ," ಎಂದರು. ಹಾಗೆ ಕೇಳು ಎಂದು ಪ್ರೋಗ್ರಾಂಗೆ ಯಾರೂ ಹೇಳಿರಲಿಲ್ಲ.

ಎರಡು ಕೊಟ್ಟರೂ ಒಂದೇ ಸಾಕೆನ್ನುವ ತಮ್ಮ ಸಂಯಮ ದೊಡ್ಡದು. ಅದನ್ನು ಬಿಡುವುದು ಕಷ್ಟವಾದಲ್ಲಿ, ಅತ್ತೆಯವರ ದೇಹಕ್ಕೇ ಸುತ್ತೋಲೆ ಹೊರಡಿಸಿ, ಇನ್ನು ಮುಂದೆ ಅದಕ್ಕೆ ಒಂದೇ ಔಷಧಿ ಒಗ್ಗದಿರತಕ್ಕದ್ದು, ಅದೂ ಸೊಸೆ ಕೊನೆಯಲ್ಲಿ ಬರೆದದ್ದೇ ಆಗಿರತಕ್ಕದ್ದು ಎಂದು ಆದೇಶಿಸಬೇಕಾಗಿ ಪ್ರಾರ್ಥನೆ. ಅದೂ ಆಗದಿದ್ದರೆ 'ಇನ್ನೊಂದು ಸೇರಿಸಿ' ಎಂಬುದನ್ನು 'ಹಿಂದಿನದನ್ನು ಮರೆತುಬಿಡಿ' ಎಂದು ತಿದ್ದಿಸಬೇಕು.

ಸದ್ಯಕ್ಕೆ ತಮ್ಮ ವಿಶ್ವಾಸಿ,
ಮೇಧಾ

ತಾ.ಕ.: ಇದನ್ನು ಮೊದಲು ತಮ್ಮದೇ ದೂರು ಪುಟದಲ್ಲಿ ಕಳಿಸಿದ್ದೆ. ಕ್ಯಾಂಟೀನಿನ ಚಟ್ನಿಗೆ ಉಪ್ಪು ಜಾಸ್ತಿ ಎಂದೂ ಒಂದು ಸಾಲು ಸೇರಿಸಿ, 'ರೋಗಿಯ ಸುರಕ್ಷತೆ', 'ಕ್ಯಾಂಟೀನ್' ಎರಡಕ್ಕೂ ಗುರುತು ಹಾಕಿದ್ದೆ. ಇನ್ನು ಮೇಲೆ ಚಟ್ನಿಗೆ ಉಪ್ಪು ಕಡಿಮೆ ಹಾಕುವುದಾಗಿ ಉತ್ತರ ಬಂದಿದೆ.